ಡಬ್ಬಿ ಟೊಮೆಟೊ ಇರಲಿ, ರೊಟ್ಟಿ ಪಕ್ಕ ಹಸಿ ಕ್ಯಾಬೇಜ್ ಇರಲೇಬೇಕು

2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ನೆನಪಿದೆ ಅಲ್ವಾ? ಆಗ ಕಲಬುರಗಿಯ ನಮ್ಮ ಓಣಿಯಲ್ಲೂ ಡಬ್ಬಿ ಟೊಮೆಟೊ, ಪ್ಯೂರಿ ಪ್ಯಾಕೆಟ್ ತರುವ ರೂಢಿ ಶುರುವಾಯಿತು. ಅದು ತಪ್ಪಲ್ಲ. ಆದರೆ "ಡಬ್ಬಿದಾಗ ಶಕ್ತಿ ಜಾಸ್ತಿ, ಕ್ಯಾಬೇಜ್‌ದಾಗ ಏನದ ರೀ, ಬರೀ ನೀರು" ಅಂತ ಯಾರಾದರೂ ಅಂದರೆ ನನಗೆ ಸುಮ್ನಿರಲು ಆಗುವುದಿಲ್ಲ.

ನೀರು ಎರಡರಲ್ಲೂ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚೇ ಇದೆ. ನೋಡಬೇಕಾದ್ದು ಉಳಿದ ಪಾಲು. ನೂರು ಗ್ರಾಂ ಹಸಿ ಕ್ಯಾಬೇಜ್‌ನಲ್ಲಿ ಸುಮಾರು 36 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ. ಡಬ್ಬಿ ಟೊಮೆಟೊದಲ್ಲಿ 10ರ ಆಸುಪಾಸು. ದೊಡ್ಡ ಹೆಂಗಸರಿಗೆ ದಿನಕ್ಕೆ ಬೇಕಾದ್ದು 65 ಮಿಲಿಗ್ರಾಂ, ಅಂದರೆ ಅರ್ಧಕ್ಕಿಂತ ಜಾಸ್ತಿ ಇಲ್ಲೇ ಸಿಕ್ಕಿತು. ಡಬ್ಬಿಗೆ ತುಂಬುವಾಗ ಕಾಯಿಸುತ್ತಾರೆ, ಆ ಬಿಸಿಗೆ ವಿಟಮಿನ್ ಸಿ ಒಂದಿಷ್ಟು ಹೋಗುತ್ತದೆ. ಕ್ಯಾಬೇಜನ್ನೂ ಕುದಿಸಿ ನೀರು ಚೆಲ್ಲಿದರೆ ಅದೇ ಗತಿ. ಅದಕ್ಕೇ ಹಸಿ ಅಂತ ಒತ್ತಿ ಹೇಳುತ್ತಿದ್ದೇನೆ.

ಇದು ನಮ್ಮ ಭಾಗಕ್ಕೆ ಯಾಕೆ ದೊಡ್ಡ ವಿಷಯ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತ ಕಡಿಮೆ ಇತ್ತು. ಜೋಳದ ರೊಟ್ಟಿಯಲ್ಲಿ, ತೊಗರಿ ಬೇಳೆಯಲ್ಲಿ ಕಬ್ಬಿಣದ ಅಂಶ ಇದೆ. ಆದರೆ ಕಾಳು, ಬೇಳೆ, ಸೊಪ್ಪಿನ ಕಬ್ಬಿಣ ಮೈಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಬೇಕು, ಸಂಜೆಗಲ್ಲ. ಹಾಗೆಯೇ ಉಂಡ ಕೂಡಲೇ ಚಹಾ ಕುಡಿದರೆ ಈ ಲಾಭ ಕಡಿಮೆಯಾಗುತ್ತದೆ. ಒಂದು ತಾಸು ತಡೆಯಿರಿ.

ಮಾಡುವುದು ಸುಲಭ. ಕಣ್ಣಿ ಮಾರ್ಕೆಟ್‌ನಿಂದ ಬಿಗಿಯಾದ ಗಡ್ಡೆ ತನ್ನಿ. ಹೊರಗಿನ ಎಲೆ ತೆಗೆದು, ಉಳಿದವನ್ನು ಒಂದೊಂದೇ ಬಿಡಿಸಿ ಹರಿಯುವ ನೀರಲ್ಲಿ ತೊಳೆಯಿರಿ. ಇಡೀ ಗಡ್ಡೆ ತೊಳೆದರೆ ಒಳಗಿನ ಹುಳ, ಮಣ್ಣು ಹೋಗುವುದಿಲ್ಲ. ಕೂದಲೆಳೆಯಂತೆ ಹೆಚ್ಚಿ, ಹಸಿಮೆಣಸಿನಕಾಯಿ, ಶೇಂಗಾ ಪುಡಿ, ನಿಂಬೆರಸ ಹಾಕಿ ಪಚಡಿ ಮಾಡಿ. ಉಪ್ಪು ಮಾತ್ರ ತಟ್ಟೆಗೆ ಹಾಕುವ ಮುಂಚೆ. ಮೊದಲೇ ಹಾಕಿದರೆ ನೀರು ಬಿಟ್ಟು ಕರುಂಕುರುಂ ಅನ್ನುವುದೇ ಹೋಗುತ್ತದೆ.

ಡಬ್ಬಿ ಟೊಮೆಟೊಗೂ ಅದರ ಪಾಲು ಕೊಡಬೇಕು. ಟೊಮೆಟೊದ ಕೆಂಪಿಗೆ ಕಾರಣ ಲೈಕೋಪೀನ್ ಅನ್ನುವ ಬಣ್ಣದ ಅಂಶ. ಕ್ಯಾಬೇಜ್‌ನಲ್ಲಿ ಅದು ಇಲ್ಲವೆಂದರೂ ನಡೆಯುತ್ತದೆ. ಬೇಯಿಸಿದಾಗ, ಜೊತೆಗೆ ಸ್ವಲ್ಪ ಎಣ್ಣೆ ಇದ್ದಾಗ ಅದು ಮೈಗೆ ಚೆನ್ನಾಗಿ ಸಿಗುತ್ತದೆ. ಆದರೆ ತಾಜಾ ಟೊಮೆಟೊವನ್ನು ಕುಸುಬಿ ಎಣ್ಣೆಯಲ್ಲಿ ಬಾಡಿಸಿ ಚಟ್ನಿ ಮಾಡಿದರೂ ಅದೇ ಸಿಗುತ್ತದಲ್ಲ! ಡಬ್ಬಿ ತಂದರೆ ಉಪ್ಪು ಹಾಕಿದ್ದಾರಾ ಅಂತ ಚೀಟಿ ಓದಿ, ಬಿಪಿ ಇರುವ ಮನೆಯಲ್ಲಂತೂ ಖಂಡಿತ.

ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ತಿನ್ನಿ. ಕ್ಯಾಬೇಜ್‌ನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಈ ಮಾತ್ರೆಯ ಕೆಲಸವನ್ನು ಕಡಿಮೆ ಮಾಡಬಹುದು.

ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುವವರು ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಚೊಕ್ಕ ನೀರಲ್ಲಿ ತೊಳೆದು, ದಿನಾ ಮಧ್ಯಾಹ್ನ ರೊಟ್ಟಿ, ಬೇಳೆಯ ಜೊತೆ ಒಂದು ಹಿಡಿ ಪಚಡಿ ಬಡಿಸಿ.