ಮೊಣಕೈಯಲ್ಲಿ ತೂಗುವ ಹೆಲ್ಮೆಟ್

ಗೌರಿ ಹಬ್ಬಕ್ಕೆಂದು ಊರಿಗೆ ಬಂದಿದ್ದೆ. ಚಿಕ್ಕಪ್ಪನ ಮಗ ಶಿವಮೊಗ್ಗಕ್ಕೆ ಬಂದು ನನ್ನನ್ನು ಬೈಕಿನಲ್ಲಿ ತೀರ್ಥಹಳ್ಳಿಯ ಕಡೆಗೆ ಕರೆದೊಯ್ದ. ನಾನು ಕೇಳಿದ್ದರಿಂದ ನನಗೂ ಒಂದು ಹೆಲ್ಮೆಟ್ ತಂದಿದ್ದ. ಅವನದು ಮಾತ್ರ ಮೊಣಕೈಯಲ್ಲಿ ತೂಗುತ್ತಿತ್ತು. ಪೊಲೀಸರು ನಿಲ್ಲುವ ವೃತ್ತ ಹತ್ತಿರವಾದಾಗ ತಲೆಗೇರಿತು. ಗಾಜನೂರು ಬರುವ ಮೊದಲೇ ಮತ್ತೆ ಮೊಣಕೈಗೆ ಇಳಿಯಿತು. ಗದರಿದೆ. ಅವನು ತಿರುಗಿ ನೋಡದೆಯೇ ಹೇಳಿದ: "ಅಣ್ಣಯ್ಯ, ನೀವಿರುವ ಕಡೆ ಹೆಲ್ಮೆಟ್ ಕಡ್ಡಾಯವೇ ಅಲ್ಲವೆಂದು ಹೋದ ಸಲ ನೀವೇ ಹೇಳಿದ್ದಿರಿ. ಅಲ್ಲಿಯವರ ತಲೆ ಅವರದ್ದು, ನಮ್ಮ ತಲೆ ಸರ್ಕಾರದ್ದೇ?"

ಮಂಡಗದ್ದೆ ದಾಟಿದರೂ ಆ ಮಾತು ಚುಚ್ಚುತ್ತಲೇ ಇತ್ತು. ಅವನು ಹೇಳಿದ್ದು ನಿಜ. ನಾನಿರುವ ನ್ಯೂ ಹ್ಯಾಂಪ್‌ಶೈರ್, ದೊಡ್ಡವರು ಸೀಟ್ ಬೆಲ್ಟ್ ಕಟ್ಟಲೇಬೇಕೆಂಬ ಕಾನೂನಿಲ್ಲದ ಏಕೈಕ ಅಮೆರಿಕನ್ ರಾಜ್ಯ. 18 ವರ್ಷ ತುಂಬಿದವರಿಗೆ ಹೆಲ್ಮೆಟ್ ಕೂಡ ಬೇಕಿಲ್ಲ. 'ಸ್ವತಂತ್ರರಾಗಿ ಬಾಳಿ, ಇಲ್ಲವೇ ಸಾಯಿರಿ' ಎಂಬ, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಜನರಲ್ ಜಾನ್ ಸ್ಟಾರ್ಕ್ 1809ರಲ್ಲಿ ಬರೆದ ಮಾತು ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ಇರುತ್ತದೆ. ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ ಹೆಲ್ಮೆಟ್ ಕಡ್ಡಾಯ. ಜೂನ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಶೈರಿನ ಲಕೋನಿಯಾದ ಬೈಕ್ ಜಾತ್ರೆಗೆ ಹೊರಟವರು ಗಡಿ ದಾಟಿದೊಡನೆ ಬದಿಗೆ ನಿಂತು ಹೆಲ್ಮೆಟ್ ಕಳಚುವುದನ್ನು ಕಂಡಿದ್ದೇನೆ. ಗಾಜನೂರಿನ ದಾರಿಯಲ್ಲಿ ನನ್ನ ತಮ್ಮ ಮಾಡಿದ್ದೂ ಅದನ್ನೇ.

ಆದರೂ ಎರಡೂ ಒಂದೇ ಎಂದು ನಾನು ಒಪ್ಪಲಾರೆ. ಅಲ್ಲಿಯವರು ಬೇಡವೆಂದದ್ದನ್ನು ಶಾಸನಸಭೆಯಲ್ಲಿ ನಿಂತು ಬೇಡವೆನ್ನುತ್ತಾರೆ; ಬೆಲ್ಟ್ ಕಡ್ಡಾಯ ಮಾಡುವ ಮಸೂದೆಯನ್ನು ಮತ್ತೆ ಮತ್ತೆ ಬೀಳಿಸಿದ್ದಾರೆ. ನಮ್ಮಲ್ಲಿ ಹೆಲ್ಮೆಟ್ ಕಡ್ಡಾಯ ಮಾಡುವ, 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಇದೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೆಂದು 2016ರಲ್ಲಿ ಕರ್ನಾಟಕ ಬಿಗಿ ಮಾಡಿತು. 2019ರ ತಿದ್ದುಪಡಿ ದಂಡವನ್ನು ಸಾವಿರ ರೂಪಾಯಿಗೆ ಏರಿಸಿದಾಗ ನಾವು ಕೂಗಾಡಿದೆವು, ರಾಜ್ಯ ಅದನ್ನು 500ಕ್ಕೆ ಇಳಿಸಿತು. ಕಾನೂನೇ ಬೇಡವೆಂದು ಯಾರಾದರೂ ಹೋರಾಡಿದರೇ? ನಮ್ಮ ಕೂಗು ದಂಡದ ಮೊತ್ತಕ್ಕಷ್ಟೇ ಸೀಮಿತವಾಗಿತ್ತು. ಅದನ್ನು ಸ್ವಾತಂತ್ರ್ಯದ ಮಾತೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಮಲೆನಾಡಿನವರಿಗೆ ತಲೆ ಕಾಯುವುದು ಹೊಸದೇನಲ್ಲ. ಗದ್ದೆಗೆ ಇಳಿಯುವಾಗ ಮಳೆ ತಡೆಯುವ ಗೊರಬು, ಕಂಬಳಿಕೊಪ್ಪೆ. ತೋಟದ ಕೆಲಸಕ್ಕೆ ಅಡಿಕೆ ಹಾಳೆಯ ಟೊಪ್ಪಿ. ಇವನ್ನು ಹಾಕಿಕೊಳ್ಳಿ ಎಂದು ಯಾರೂ ಕಾನೂನು ಮಾಡಲಿಲ್ಲ. ಮಳೆ ತಪ್ಪದೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಅಪಘಾತ ಮಾತ್ರ ಪಕ್ಕದ ಮನೆಗೇ ಬರುವಂಥದ್ದೆಂದು ನಂಬಿಕೊಂಡಿದ್ದೇವೆ.

ಅದು ಒಮ್ಮೆ ನಿಜವಾಗಿಯೂ ನಮ್ಮ ಪಕ್ಕದ ಮನೆಗೇ ಬಂತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮರಳುತ್ತಿದ್ದ ಹಿರಿಯ ಮಗ ತೂಕಡಿಸಿ ಮೋರಿಯ ಕಟ್ಟೆಗೆ ಗುದ್ದಿದ. ತಲೆಗೆ ಪೆಟ್ಟೆಂದ ಮೇಲೆ ಮಣಿಪಾಲಕ್ಕೇ ಒಯ್ಯಬೇಕು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಆಂಬುಲೆನ್ಸ್ ಇಳಿಯುವಷ್ಟರಲ್ಲಿ ತಾಯಿಯ ಜೀವ ಅರ್ಧ ಹೋಗಿತ್ತು. ಅವನು ಬದುಕಿದ. ಈಗ ಉಂಡದ್ದು ನೆನಪಿರುವುದಿಲ್ಲ. ತೋಟದ ಒಂದು ಭಾಗ ಮಾರಾಟವಾಯಿತು. ಎಪ್ಪತ್ತು ದಾಟಿದ ಅಪ್ಪ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮತ್ತೆ ಮಳೆಯಲ್ಲಿ ನಿಲ್ಲುತ್ತಾರೆ. ತನ್ನ ತಲೆ ತನ್ನದೆಂದು ಆ ಹುಡುಗನೂ ಹೇಳುತ್ತಿದ್ದ. ಒಂದು ಮನೆಯ ಅಡಿಕೆ, ಸಾಲ, ಮದುವೆ, ಮುಪ್ಪು ಎಲ್ಲವೂ ಒಬ್ಬನ ಮೇಲೆ ನಿಂತಿರುವ ಊರಿನಲ್ಲಿ ಆ ತಲೆ ಅವನೊಬ್ಬನದೇ ಎಂದು ಹೇಗೆ ಹೇಳಲಿ? ನ್ಯೂ ಹ್ಯಾಂಪ್‌ಶೈರಿನ ಗುಡ್ಡಗಳಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋಗಲು ಹೆಲಿಕಾಪ್ಟರ್ ಬರುತ್ತದೆ. ಅಂಥ ಆಸರೆ ಇಲ್ಲದ ನಾವು ಅವರ ಸ್ವಾತಂತ್ರ್ಯವನ್ನಷ್ಟೇ ಎರವಲು ತರಲಾಗದು.

ಇಷ್ಟನ್ನೂ ಊಟಕ್ಕೆ ಕುಳಿತಾಗ ತಮ್ಮನಿಗೆ ಹೇಳಿದೆ. ಅವನು ಸೋಲಲಿಲ್ಲ. ಜಡಿಮಳೆಯಲ್ಲಿ ಹೆಲ್ಮೆಟ್ಟಿನ ಗಾಜು ಮಂಜಾಗಿ ಏನೂ ಕಾಣುವುದಿಲ್ಲ, ತೆರೆದರೆ ಹನಿ ಕಣ್ಣಿಗೆ ಬಡಿಯುತ್ತದೆ, ಒಳಗಿನ ಸ್ಪಂಜು ಮೂರು ತಿಂಗಳು ಒಣಗದೆ ಮುಗ್ಗಲು ಹಿಡಿಯುತ್ತದೆ ಎಂದ. ರಾತ್ರಿ ಕಾಡುಕೋಣ ನುಗ್ಗುವ ಸದ್ದಿಗೆ ಕಿವಿ ತೆರೆದಿರಬೇಕು ಎಂದ. ರಸ್ತೆಯ ಗುಂಡಿಗೆ ಯಾರಿಗೆ ದಂಡ ಹಾಕುತ್ತೀರಿ ಎಂದು ಕೇಳಿದ. ಈ ಕೊನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಅವನ ಆರು ವರ್ಷದ ಮಗಳು ದಿನವೂ ಸ್ಕೂಟರಿನ ಮುಂದೆ ನಿಂತು ಶಾಲೆಗೆ ಹೋಗುತ್ತಾಳೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಬೇಕೆನ್ನುತ್ತದೆ ನಮ್ಮ ಕಾನೂನು. ಹೊರಡುವ ಮುನ್ನ ಶಿವಮೊಗ್ಗದ ಮೂರು ಅಂಗಡಿಗಳಲ್ಲಿ ಅವಳ ಅಳತೆಯದನ್ನು ಕೇಳಿದೆ. ಒಂದರಲ್ಲೂ ಇರಲಿಲ್ಲ. ಅವಳ ತಲೆಯ ಸುತ್ತಳತೆಯನ್ನು ದಾರದಿಂದ ಅಳೆದು, ಗಂಟು ಹಾಕಿ, ಪರ್ಸಿನಲ್ಲಿಟ್ಟುಕೊಂಡು ಬಂದಿದ್ದೇನೆ.