ಕೋಟೆ, ಕಾಡು ಎರಡೂ ಒಂದೇ ದಿನದಲ್ಲಿ?

ಆಫ್ರಿಕಾ ಪ್ರವಾಸ ಅಂದರೆ ನಮ್ಮವರಿಗೆ ಕೀನ್ಯಾ, ತಾಂಜಾನಿಯಾ, ಜೀಪು, ಸಿಂಹ. ಹಾಗಾಗಿ ಕ್ರಿಸ್‌ಮಸ್ ರಜೆಗೆ ಘಾನಾಕ್ಕೆ ಹೋಗಿ ಬಂದೆ ಅಂದ ಕೂಡಲೇ ಎಲ್ಲರೂ ಕೇಳುವುದು, ಯಾವ ಪ್ರಾಣಿ ಕಂಡಿತು ಅಂತ. ಒಂದು ಕೋತಿಯೂ ಕಾಣಲಿಲ್ಲ. ಅದಕ್ಕೇನೂ ಬೇಜಾರಿಲ್ಲ. ಬೇಜಾರಾಗಿದ್ದು ಅಲ್ಲಿನ ಒಂದು ದಿನದ ಪ್ಯಾಕೇಜ್ ಟೂರ್ ನೋಡಿ.

ಡಿಸೆಂಬರಿನಲ್ಲಿ ಘಾನಾದ ರಾಜಧಾನಿ ಅಕ್ರಾಕ್ಕೆ ನಿದ್ದೆಯೇ ಇಲ್ಲ. ಲಂಡನ್, ನ್ಯೂಯಾರ್ಕ್ ಸೇರಿದವರೆಲ್ಲ ರಜೆಗೆ ಬಂದಿರುತ್ತಾರೆ. ಹಾಡು, ಪಾರ್ಟಿ, ಟ್ರಾಫಿಕ್. ಈ ಗದ್ದಲಕ್ಕೆ ‘ಡೆಟಿ ಡಿಸೆಂಬರ್’ ಅಂತಲೇ ಹೆಸರು. ಆಫ್ರಿಕಾದ ಗುಲಾಮರನ್ನು ಅಮೆರಿಕದ ವರ್ಜೀನಿಯಾದಲ್ಲಿ ಇಳಿಸಿ 400 ವರ್ಷವಾದ 2019ರಲ್ಲಿ ಘಾನಾ ಸರ್ಕಾರ ಅವರ ಮಕ್ಕಳು ಮೊಮ್ಮಕ್ಕಳನ್ನು ‘ಬನ್ನಿ’ ಅಂತ ಕರೆಯಿತು. ಅಲ್ಲಿಂದೀಚೆಗೆ ಈ ಸೀಸನ್ನಿನ ಹೆಸರು ಇನ್ನೂ ದೊಡ್ಡದಾಯಿತು.

ಟೂರಿನವರು ಹೀಗೆ ಬಂದವರನ್ನು ಬೆಳಗಿನ ಜಾವ ವ್ಯಾನಿಗೆ ತುಂಬಿ ಸುಮಾರು 150 ಕಿ.ಮೀ. ಆಚೆಯ ಕೇಪ್ ಕೋಸ್ಟ್ ಕಡೆ ಓಡಿಸುತ್ತಾರೆ. ಮೊದಲು ಕಾಕುಮ್ ಮಳೆಕಾಡು, ಆಮೇಲೆ ಊಟ, ಆಮೇಲೆ ಗುಲಾಮರ ಕೋಟೆ, ರಾತ್ರಿ ವಾಪಸ್.

ಕಾಕುಮ್‌ನಲ್ಲಿ ಮರಗಳ ನೆತ್ತಿಗೆ ಕಟ್ಟಿದ 7 ತೂಗುಸೇತುವೆಗಳಿವೆ. 1995ರಿಂದ ಇವೆ. ಕೆಲವು ಕಡೆ ನೆಲದಿಂದ 40 ಮೀಟರ್ ಎತ್ತರ. ಕಾಲು ನಡುಗುತ್ತದೆ, ನಿಜ. ಆದರೆ ಹಿಂದೆ ಮುಂದೆ ಕಿರುಚಾಟ, ಸೆಲ್ಫಿ. ಯಾವ ಆನೆ ಹತ್ತಿರ ಬರುತ್ತೆ? ಹೌದು, ಆ ಕಾಡಿನಲ್ಲಿ ಆನೆಗಳಿವೆ. ಕಾಡಂಚಿನ ಕೋಕೋ ತೋಟ, ಹೊಲಗಳಿಗೆ ನುಗ್ಗುತ್ತವೆ. ರೈತರು ಹಗ್ಗಕ್ಕೆ ಗ್ರೀಸು, ಮೆಣಸಿನಪುಡಿ ಬಳಿದು ಬೇಲಿ ಕಟ್ಟಿ ನೋಡಿದ್ದಾರೆ. ಸಕಲೇಶಪುರ, ಕೊಡಗಿನವರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಾ? ಐವರಿ ಕೋಸ್ಟ್ ಬಿಟ್ಟರೆ ಜಗತ್ತಿಗೆ ಅತಿ ಹೆಚ್ಚು ಕೋಕೋ ಕೊಡುತ್ತ ಬಂದ ದೇಶ ಇದು. ಆ ತೋಟದ ಹತ್ತಿರ ಮಾತ್ರ ವ್ಯಾನು ನಿಲ್ಲಿಸುವುದಿಲ್ಲ!

ನನಗೆ ತಡೆಯಲಾಗದೇ ಹೋಗಿದ್ದು ಕೋಟೆಯಲ್ಲಿ. ಗಾಳಿ ಬೆಳಕಿಲ್ಲದ ನೆಲಮಾಳಿಗೆಗಳಲ್ಲಿ ಮನುಷ್ಯರನ್ನು ವಾರಗಟ್ಟಲೆ ತುಂಬಿಡುತ್ತಿದ್ದರು. ಗಂಡಸರನ್ನು ಕೂಡಿಟ್ಟ ನೆಲಮಾಳಿಗೆಯ ಮೇಲೆಯೇ ಇಂಗ್ಲಿಷರ ಪ್ರಾರ್ಥನಾ ಮಂದಿರ. ಕೊನೆಗೆ ಸಮುದ್ರದ ಕಡೆಗೊಂದು ಬಾಗಿಲು. ಅದನ್ನು ದಾಟಿದವರು ಮತ್ತೆ ಬರಲಿಲ್ಲ. ಅಮೆರಿಕದಿಂದ ಬಂದಿದ್ದ ಒಬ್ಬ ಅಜ್ಜಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಹಿಂದಿನಿಂದ ಯಾರೋ, ಟೈಮಾಯ್ತು, ವ್ಯಾನ್ ಹತ್ತಿ ಅಂತ ಕೂಗುತ್ತಿದ್ದರು.

ನಾವು ಭಾರತದವರು ಅಲ್ಲಿ ಸುಮ್ನೆ ನೋಡುಗರು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಯುರೋಪಿನ ಹಡಗುಗಳು ಪಶ್ಚಿಮ ಆಫ್ರಿಕಾದಲ್ಲಿ ಜನರನ್ನು ಕೊಳ್ಳಲು ಕೊಟ್ಟ ಸರಕಿನಲ್ಲಿ ಗುಜರಾತ್, ಕೋರಮಂಡಲ ತೀರದ ಹತ್ತಿಬಟ್ಟೆಯೂ ಇತ್ತು, ಮಾಲ್ಡೀವ್ಸ್‌ನ ಕವಡೆಯೂ ಇತ್ತು. ನೇಕಾರನಿಗೆ ತನ್ನ ಬಟ್ಟೆ ಎಲ್ಲಿಗೆ ಹೋಯಿತು ಅಂತ ಗೊತ್ತಿರಲಿಕ್ಕಿಲ್ಲ. ನಮಗೆ ಗೊತ್ತಾಗಬೇಕಲ್ವಾ? ನಮ್ಮ ಶಾಲೆಯ ಪಾಠದಲ್ಲಂತೂ ಇದನ್ನು ಓದಿದ ನೆನಪಿಲ್ಲ.

ಹೋಗುವವರಿದ್ದರೆ ವ್ಯಾನ್ ಟೂರ್ ಬಿಡಿ. ಅಕ್ರಾದ ಕನೇಶಿಯಲ್ಲಿ ಟ್ರೋಟ್ರೋ ಹತ್ತಿ. ನಮ್ಮ ಟೆಂಪೋ ಥರದ ಗಾಡಿ, ತುಂಬುವವರೆಗೂ ಹೊರಡಲ್ಲ. ಕೇಪ್ ಕೋಸ್ಟ್‌ನಲ್ಲಿ ಉಳಿದು ಕೋಟೆಗೇ ಒಂದು ದಿನ ಇಡಿ. ಕಾಕುಮ್‌ಗೆ ಇನ್ನೊಂದು ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ರಜೆ ಇದ್ದರೆ ಪಕ್ಕದ ಎಲ್ಮಿನಾದಲ್ಲಿ ಜನವರಿ ಮೊದಲ ಗುರುವಾರದವರೆಗೂ ಇರಿ. 1482ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಲು ಶುರು ಮಾಡಿದ ಊರು ಅದು. ಆ ಗುರುವಾರ ಅಲ್ಲಿನವರು ‘ಎಡಿನಾ ಬ್ರೋನ್ಯಾ’ ಅಂತ ತಮ್ಮದೇ ಕ್ರಿಸ್‌ಮಸ್ ಮಾಡುತ್ತಾರೆ. ರೂಮು ಮೊದಲೇ ಬುಕ್ ಮಾಡಿ.