ದಪ್ಪ ಪ್ಯಾಡ್ ಎಂದರೆ ಬೆಚ್ಚನೆ ಪ್ಯಾಡ್ ಅಲ್ಲ

ಚಳಿಗಾಲದಲ್ಲಿ ಕೇದಾರಕಂಠದಂಥ ಹಿಮದ ಚಾರಣಕ್ಕೆ ಹೊರಡುವವರ ಗುಂಪುಗಳಲ್ಲಿ ಒಂದು ಸಂದೇಶ ತಪ್ಪದೆ ಸುತ್ತುತ್ತದೆ: ಗಾಳಿ ತುಂಬುವ ಸ್ಲೀಪಿಂಗ್ ಪ್ಯಾಡ್ ದಪ್ಪಗಿದ್ದಷ್ಟೂ ನೆಲದ ಚಳಿ ತಟ್ಟುವುದಿಲ್ಲ ಅಂತ. ಕಳಿಸುವವರ ಕಾಳಜಿ ನಿಜವಾದದ್ದೇ, ಮಾತು ಮಾತ್ರ ತಪ್ಪು.

ದಪ್ಪದಿಂದ ಸಿಗುವುದು ಮೆತ್ತನೆ. ಮಗ್ಗುಲಾಗಿ ಮಲಗುವವರ ಸೊಂಟಕ್ಕೆ ಕಲ್ಲು ಒತ್ತುವುದಿಲ್ಲ, ಅದು ದೊಡ್ಡ ಸುಖವೇ. ಆದರೆ ಒಳಗೆ ಬರೀ ಗಾಳಿಯಿದ್ದರೆ ಅದು ಸುಮ್ಮನಿರುವುದಿಲ್ಲ. ನೀವು ಹೊರಳಿದಾಗಲೆಲ್ಲ ಅಲುಗಾಡಿ ಮೈಯ ಬಿಸಿಯನ್ನು ತಣ್ಣನೆಯ ನೆಲಕ್ಕೆ ದಾಟಿಸುತ್ತದೆ. ಅದನ್ನು ತಡೆಯುವುದು ಒಳಗಿನ ನಾರಿನ ಪದರ, ಫೋಮ್ ಅಥವಾ ಶಾಖವನ್ನು ಹಿಂತಿರುಗಿಸುವ ತೆಳು ಹಾಳೆ. ಇದರಿಂದಲೇ 2 ಸೆಂ.ಮೀ. ಫೋಮ್ ಚಾಪೆ 7 ಸೆಂ.ಮೀ.ನ ಬರೀ ಗಾಳಿಯ ಪ್ಯಾಡಿಗಿಂತ ಬೆಚ್ಚಗಿರಬಲ್ಲದು.

ಪರೀಕ್ಷಿಸುವುದು ಸುಲಭ. ಪ್ಯಾಡಿನ ವಿವರದಲ್ಲಿ 'ಆರ್-ವ್ಯಾಲ್ಯೂ' ಹುಡುಕಿ, ಅಂದರೆ ಶಾಖ ದಾಟುವುದನ್ನು ಪ್ಯಾಡ್ ಎಷ್ಟು ತಡೆಯುತ್ತದೆ ಎಂಬ ಅಳತೆ. ಸಂಖ್ಯೆ ಹೆಚ್ಚಿದಷ್ಟೂ ಬೆಚ್ಚಗೆ. ಜೊತೆಗೆ 'ಎಎಸ್‌ಟಿಎಂ ಎಫ್3340' ಎಂದಿದೆಯೇ ನೋಡಿ. 2018ರ ಈ ಮಾನದಂಡದಲ್ಲಿ ಪ್ಯಾಡನ್ನು ಬಿಸಿ ಮತ್ತು ತಣ್ಣನೆಯ ತಟ್ಟೆಗಳ ನಡುವೆ ಇಟ್ಟು, ಬಿಸಿ ತಟ್ಟೆ ಬಿಸಿಯಾಗಿಯೇ ಉಳಿಯಲು ಎಷ್ಟು ಶಕ್ತಿ ಬೇಕೆಂದು ಅಳೆಯುತ್ತಾರೆ. ಸಂಖ್ಯೆಯೇ ಇಲ್ಲದ 'ವಿಂಟರ್ ಪ್ಯಾಡ್' ಅನ್ನುವ ಹೆಸರನ್ನು ನಾನಂತೂ ನಂಬುವುದಿಲ್ಲ.

ಈಗಾಗಲೇ ಕಡಿಮೆ ಆರ್-ವ್ಯಾಲ್ಯೂ ಇರುವ ಪ್ಯಾಡ್ ಕೊಂಡಿದ್ದರೆ ಎಸೆಯಬೇಡಿ. ಕೆಳಗೊಂದು ಫೋಮ್ ಚಾಪೆ ಹಾಸಿ. ಎರಡರ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ, ಮುಳ್ಳು ಚುಚ್ಚುವ ಭಯವೂ ಕಡಿಮೆ.